ಅಚ್ಚಿನ ಗೆರೆ, ನೀರಿನ ಬಣ್ಣ

ರಬ್ಬರ್ ಸ್ಟಾಂಪಿನಿಂದ ಹೂವಿನ ಗೆರೆಯನ್ನು ಕಾಗದದ ಮೇಲೆ ಒತ್ತಿ, ಆ ಗೆರೆಯೊಳಗೆ ಜಲವರ್ಣ ತುಂಬಿ ಮಾಡುವ ಶುಭಾಶಯ ಪತ್ರ, ಕೈಕೆಲಸಗಳಲ್ಲೆಲ್ಲ ಸುಲಭವಾದದ್ದು ಎಂದು ಹೆಸರಾಗಿದೆ. ಚಿತ್ರ ಬಿಡಿಸಲು ಬಾರದವರಿಗೂ ಇದು ಒಲಿಯುತ್ತದೆ ಎಂಬ ಮಾತು ನಿಜವೇ. ಹೂವಿನ ಆಕಾರವನ್ನು ಅಚ್ಚು ನೋಡಿಕೊಳ್ಳುತ್ತದೆ, ಕೈಗೆ ಉಳಿಯುವುದು ಬಣ್ಣದ ಕೆಲಸ ಮಾತ್ರ. ಆದರೂ ಮೊದಲ ಸಲ ಮಾಡಿದವರು ಕೇಳುವ ಪ್ರಶ್ನೆಗಳು ಎಲ್ಲೆಡೆ ಒಂದೇ ತೆರನಾಗಿರುತ್ತವೆ. ಬ್ರಷ್ ತಾಗಿದ ಕೂಡಲೇ ಗೆರೆ ಏಕೆ ಕದಡಿತು, ಕಾಗದ ಏಕೆ ಸೊಟ್ಟಗಾಯಿತು, ಹಸಿಯಿದ್ದಾಗ ಹೊಳೆಯುತ್ತಿದ್ದ ಬಣ್ಣ ಒಣಗಿದ ಮೇಲೆ ಏಕೆ ಮಂಕಾಯಿತು? ಈ ಮೂರರಲ್ಲಿ ಒಂದಕ್ಕೂ ಕೈಚಳಕದ ಕೊರತೆ ಕಾರಣವಲ್ಲ. ಮೊದಲನೆಯದಕ್ಕೆ ಶಾಯಿ, ಎರಡನೆಯದಕ್ಕೆ ಕಾಗದ, ಮೂರನೆಯದಕ್ಕೆ ಆತುರ ಕಾರಣ. ಸ್ಟಾಂಪಿನ ಮೇಲೆ ಹಣ ಸುರಿದು ಕಾಗದಕ್ಕೆ ಜಿಪುಣತನ ತೋರುವುದು ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

ಅಚ್ಚಿನ ಗೆರೆ ಮತ್ತು ಕೈಬಣ್ಣದ ಈ ಜೋಡಿ ಹೊಸದೇನಲ್ಲ. ಕ್ರಿಸ್‌ಮಸ್ ಕಾರ್ಡಿನ ಚರಿತ್ರೆಯೇ ಅಲ್ಲಿಂದ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿ ದರದ ಅಂಚೆ ಜಾರಿಗೆ ಬಂದು, ದೇಶದ ಯಾವ ಮೂಲೆಗಾದರೂ ಅಗ್ಗದಲ್ಲಿ ಪತ್ರ ಕಳಿಸುವುದು ಸಾಧ್ಯವಾಯಿತು. ಆ ಸುಧಾರಣೆಗೆ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್, 1843ರ ಕ್ರಿಸ್‌ಮಸ್‌ಗೆ ಎಲ್ಲರಿಗೂ ಕೈಬರಹದ ಪತ್ರ ಬರೆಯಲು ಪುರುಸೊತ್ತಿಲ್ಲದೆ, ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಕಲಾವಿದನಿಂದ ಒಂದು ಚಿತ್ರ ಬರೆಸಿದ. ಕಲ್ಲಚ್ಚಿನಲ್ಲಿ ಮುದ್ರಿಸಿದ್ದು ಬರೀ ಗೆರೆಗಳನ್ನು. ಬಣ್ಣವನ್ನು ಒಂದೊಂದು ಕಾರ್ಡಿಗೂ ಕೈಯಿಂದಲೇ ತುಂಬಿಸಲಾಯಿತು. ಒಂದು ಶಿಲಿಂಗಿಗೆ ಮಾರಾಟವಾದ ಆ ಕಾರ್ಡೇ ಮುದ್ರಿತ ಕ್ರಿಸ್‌ಮಸ್ ಕಾರ್ಡುಗಳ ಮೂಲ ಎಂದು ಗಣನೆಯಾಗಿದೆ. ಇಂದು ಮನೆಯ ಮೇಜಿನ ಮೇಲೆ ಸ್ಟಾಂಪ್ ಒತ್ತಿ ಬಣ್ಣ ಹಾಕುವವರು ಅನುಸರಿಸುವುದು ಅದೇ ಕ್ರಮವನ್ನು.

ದುಬೈನಲ್ಲಿರುವ ಕನ್ನಡಿಗರಿಗೆ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದ ಬಡಾವಣೆ ಅಲ್ ಕೂಜ್. ಶೇಖ್ ಜಾಯೆದ್ ರಸ್ತೆ ಮತ್ತು ಅಲ್ ಖೈಲ್ ರಸ್ತೆಗಳ ನಡುವೆ ಹಬ್ಬಿರುವ ಇದು ಮೂಲತಃ ಗೋದಾಮು, ಗ್ಯಾರೇಜು, ಸಣ್ಣ ಕಾರ್ಖಾನೆ, ಮುದ್ರಣಾಲಯ ಮತ್ತು ಕಾರ್ಮಿಕರ ವಸತಿಗಳ ಜಾಗ. ಬಾಡಿಗೆ ಕಡಿಮೆ, ಸೂರು ಎತ್ತರ ಎಂಬ ಕಾರಣಕ್ಕೆ ಕಲಾವಿದರು ಇಲ್ಲಿಗೆ ಬರತೊಡಗಿದರು. ಜನಸಾಮಾನ್ಯರು ಬಂದು ಕುಳಿತು ಚಿತ್ರ ಬರೆಯಬಹುದಾದ ‘ದಿ ಜ್ಯಾಮ್‌ಜಾರ್’ ಕಲಾಕೇಂದ್ರ 2005ರಲ್ಲಿ ಶುರುವಾಯಿತು. 2008ರಲ್ಲಿ ಆರಂಭವಾದ ಅಲ್‌ಸರ್ಕಾಲ್ ಅವೆನ್ಯೂ, ಗೋದಾಮುಗಳ ಸಾಲನ್ನೇ ಗ್ಯಾಲರಿಗಳ ಬೀದಿಯನ್ನಾಗಿಸಿತು. ಪಕ್ಕದಲ್ಲಿದ್ದ ಹಳೆಯ ಅಮೃತಶಿಲೆಯ ಕಾರ್ಖಾನೆಯ ಜಾಗವೂ ಮುಂದೆ ಇದಕ್ಕೆ ಸೇರಿಕೊಂಡಿತು. 2021ರಲ್ಲಿ ದುಬೈ ಸರಕಾರ ಈ ಪ್ರದೇಶವನ್ನು ‘ಅಲ್ ಕೂಜ್ ಕ್ರಿಯೇಟಿವ್ ಜೋನ್’ ಮಾಡುವ ಯೋಜನೆ ಪ್ರಕಟಿಸಿತು. ಒಂದು ಕಡೆ ಕಾಗದ ಕತ್ತರಿಸುವ ಯಂತ್ರದ ಸದ್ದು, ಇನ್ನೊಂದು ಕಡೆ ಜಲವರ್ಣದ ತರಗತಿ. ಇವೆರಡೂ ನಡಿಗೆಯ ದೂರದಲ್ಲಿರುವ ಜಾಗಗಳು ಆ ನಗರದಲ್ಲಿ ಹೆಚ್ಚಿಲ್ಲ. 2022ರ ಜನವರಿಯಿಂದ ಅಲ್ಲಿನ ಸರಕಾರಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಕರ್ನಾಟಕದಲ್ಲಿರುವವರ ಬಿಡುವಿಗೂ ದುಬೈನ ಕನ್ನಡಿಗರ ಬಿಡುವಿಗೂ ತಾಳೆ ಕೂಡಿದೆ.

ಕಾರ್ಡ್ ಮಾಡುವ ಕೆಲಸ ಹೂವಿನ ಆಯ್ಕೆಯಿಂದ ಶುರುವಾಗಬೇಕು. ಅಂಗಡಿಯಲ್ಲಿ ಸಿಗುವ ಸ್ಟಾಂಪುಗಳಲ್ಲಿ ಗುಲಾಬಿ, ಪಿಯೊನಿ, ಚೆರಿ ಹೂಗಳೇ ಹೆಚ್ಚು. ಅವು ಚೆಂದವೇ, ಆದರೆ ಪತ್ರ ಕಳಿಸುವವರ ಬದುಕಿಗೂ ಪಡೆಯುವವರ ಬದುಕಿಗೂ ಅವುಗಳ ನಂಟು ಕಡಿಮೆ. ಅಲ್ ಕೂಜ್‌ನಿಂದ ಕರ್ನಾಟಕಕ್ಕೆ ಹೋಗುವ ಪತ್ರಕ್ಕೆ ಎರಡೂ ನೆಲಗಳಲ್ಲಿ ಬೆಳೆಯುವ ಗಿಡಮರ ಬೇಕಾದಷ್ಟಿದೆ. ದುಬೈನ ರಸ್ತೆ ಬದಿಯಲ್ಲಿ ಬೇವಿನ ಮರಗಳಿಗೆ ಬರವಿಲ್ಲ. ಉಗಾದಿಯ ಆಸುಪಾಸಿನಲ್ಲಿ ಅವೂ ಹೂ ಬಿಡುತ್ತವೆ. ಕಾಂಪೌಂಡಿನ ಗೋಡೆಗಳ ಮೇಲೆ ಬೋಗನ್‌ವಿಲ್ಲಾ ಇದೆ, ಪಾರ್ಕುಗಳಲ್ಲಿ ದೇವಕಣಗಿಲೆ ಇದೆ, ಕುಂಡಗಳಲ್ಲಿ ನಿತ್ಯಪುಷ್ಪ ಇದೆ.

ಎಲ್ಲಕ್ಕಿಂತ ಅರ್ಥವತ್ತಾದದ್ದು ಗಾಫ್ ಮರ. 2008ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಇದನ್ನು ರಾಷ್ಟ್ರೀಯ ವೃಕ್ಷವೆಂದು ಘೋಷಿಸಿತು, 2019ರ ‘ಸಹಿಷ್ಣುತೆಯ ವರ್ಷ’ದ ಲಾಂಛನವೂ ಇದೇ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಪ್ರೊಸೋಪಿಸ್ ಸಿನೆರೇರಿಯಾ. ಕನ್ನಡನಾಡಿನಲ್ಲಿ ವಿಜಯದಶಮಿಯ ಸಂಜೆ ಪೂಜೆಗೊಳ್ಳುವ ಬನ್ನಿ ಮರವೂ ಇದೇ ಪ್ರೊಸೋಪಿಸ್ ಸಿನೆರೇರಿಯಾ. ಉತ್ತರ ಕರ್ನಾಟಕದಲ್ಲಿ ಅಂದು ಮನೆಮನೆಗೆ ಹೋಗಿ ಕೈಗೆ ಬನ್ನಿ ಎಲೆ ಕೊಟ್ಟು, ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು ಎಂದು ಹಿರಿಯರ ಕಾಲಿಗೆ ಬೀಳುವ ರೂಢಿ ಶುಭಾಶಯ ಪತ್ರಕ್ಕಿಂತ ಎಷ್ಟೋ ಹಳೆಯದು. ದಸರೆಗೆ ದುಬೈನಿಂದ ಧಾರವಾಡಕ್ಕೋ ಬಾಗಲಕೋಟೆಗೋ ಹೋಗುವ ಕಾರ್ಡಿನ ಮೇಲೆ ಇರಬೇಕಾದದ್ದು ಬನ್ನಿಯ ಒಂದು ಎಸಳು, ಅದರ ಪಕ್ಕ ತೆನೆಯಂತೆ ನೀಳವಾಗಿ ಬಿಡುವ ತಿಳಿಹಳದಿ ಹೂ. ಇಂಥ ಸ್ಟಾಂಪ್ ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಿಕೊಳ್ಳಬೇಕು. ಅದು ಕಷ್ಟವೂ ಅಲ್ಲ. ಅರಬ್ ಸಂಸ್ಥಾನದಲ್ಲಿ ಕಂಪನಿಯ ಮೊಹರಿಲ್ಲದೆ ಕಾಗದಪತ್ರಗಳು ಮುಂದೆ ಸಾಗುವುದು ಅಪರೂಪ, ಹಾಗಾಗಿ ರಬ್ಬರ್ ಸ್ಟಾಂಪ್ ಮಾಡಿಕೊಡುವ ಅಂಗಡಿಗಳು ಅಲ್ಲಿ ಧಾರಾಳ. ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಿಂದ ಬರೆದ ರೇಖಾಚಿತ್ರವನ್ನೂ ಕಂಪನಿಯ ಮೊಹರಿನಂತೆಯೇ ರಬ್ಬರಿನಲ್ಲಿ ಕೊರೆಯಬಹುದು. ಗೆರೆಗಳು ತೀರ ಒತ್ತಾಗಿರಬಾರದು, ಬಣ್ಣಕ್ಕೆ ಒಳಗೆ ಜಾಗ ಬಿಟ್ಟಿರಬೇಕು, ಅಷ್ಟೆ.

ಮಕ್ಕಳ ಜೊತೆ ಮಾಡುವುದಾದರೆ ಅಡಿಗೆಮನೆಯೇ ಸಾಕು. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದು, ಒರೆಸಿ, ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಕೋಣೆಗಳ ಹೂ ಮೂಡುತ್ತದೆ. ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಓದಿದವರಿಗೆ ಇದು ಹೊಸತಲ್ಲ. ಹಾಗಲಕಾಯಿ ಹಲ್ಲುಹಲ್ಲಾದ ಅಂಚಿನ ಹೂ ಕೊಡುತ್ತದೆ, ಆಲೂಗಡ್ಡೆಯಲ್ಲಿ ಬೇಕಾದ ಆಕಾರ ಕೊರೆಯಬಹುದು. ತರಕಾರಿಯ ತೇವ ಆರಲು ಕೊಯ್ದ ಮುಖವನ್ನು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಬೋರಲು ಇಡುವುದು ಒಳ್ಳೆಯದು, ಇಲ್ಲದಿದ್ದರೆ ಬಣ್ಣ ನೀರಾಗಿ ಹರಡುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ಜಲವರ್ಣಕ್ಕೆಂದೇ ಮಾಡಿದ, ಚದರ ಮೀಟರಿಗೆ 300 ಗ್ರಾಂ ತೂಗುವ ಹಾಳೆಗಿಂತ ಕಡಿಮೆಯದು ಬೇಡ. ಸಾಮಾನ್ಯ ಪ್ರಿಂಟರ್ ಹಾಳೆ 70 ಅಥವಾ 80 ಗ್ರಾಂ ಇರುತ್ತದೆ. ಅದರ ಮೇಲೆ ನೀರು ಬಿದ್ದರೆ ನಾರುಗಳು ಒಂದೆಡೆ ಉಬ್ಬಿ ಹಾಳೆ ಅಲೆಅಲೆಯಾಗುತ್ತದೆ, ಎರಡು ಸಲ ಬ್ರಷ್ ಎಳೆದರೆ ಮೇಲ್ಪದರ ಕಿತ್ತು ಬರುತ್ತದೆ. ಜಲವರ್ಣದ ಕಾಗದಕ್ಕೆ ಜೆಲಟಿನ್‌ನಂಥ ಅಂಟನ್ನು ಉಣಿಸಿರುವುದರಿಂದ ನೀರು ಒಮ್ಮೆಲೇ ಒಳಗಿಳಿಯದೆ ಮೇಲೆಯೇ ನಿಂತು, ಬಣ್ಣ ಓಡಾಡಲು ಸಮಯ ಕೊಡುತ್ತದೆ. ನೂರಕ್ಕೆ ನೂರು ಹತ್ತಿಯ ಕಾಗದ ದುಬಾರಿಯಾದರೂ ಒಂದು ಹಾಳೆಯಲ್ಲಿ ಹಲವು ಕಾರ್ಡುಗಳಾಗುತ್ತವೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿಬಟ್ಟೆಯ ಚೂರುಗಳಿಂದ ಕೈಯಲ್ಲೇ ಇಂಥ ಕಾಗದ ತಯಾರಾಗುತ್ತದೆ. ‘ಖಾದಿ ಪೇಪರ್ಸ್’ ಎಂಬ ಹೆಸರಿನಲ್ಲಿ ಅದು ಹೊರದೇಶಗಳ ಕಲಾವಿದರನ್ನು ತಲುಪುತ್ತಿದೆ. ಕತ್ತರಿಸದ ಒರಟು ಅಂಚು ಈ ಕಾಗದದ ಸೊಬಗು. ರಜೆಗೆ ಊರಿಗೆ ಹೋದವರು ಬರುವಾಗ ಸೂಟ್‌ಕೇಸಿನ ತಳದಲ್ಲಿ ಒಂದು ಕಟ್ಟು ಇಟ್ಟುಕೊಂಡು ಬಂದರೆ ವರ್ಷದ ಹಬ್ಬಗಳಿಗೆಲ್ಲ ಸಾಕು.

ಆದರೆ ತೀರ ಒರಟಾದ ಕಾಗದದಲ್ಲಿ ಒಂದು ತೊಡಕಿದೆ. ಸ್ಟಾಂಪಿನ ಗೆರೆ ಉಬ್ಬುಗಳನ್ನು ಮಾತ್ರ ಮುಟ್ಟಿ, ತಗ್ಗುಗಳಲ್ಲಿ ಕಡಿದುಹೋಗುತ್ತದೆ. ಬಣ್ಣಕ್ಕೆ ಒರಟು ಮೈ ಬೇಕು, ಅಚ್ಚಿಗೆ ನುಣುಪು ಮೈ ಬೇಕು. ಇವೆರಡರ ನಡುವಿನ ದಾರಿ ಎಂದರೆ ಸಾಧಾರಣ ತರಿಯ ‘ಕೋಲ್ಡ್ ಪ್ರೆಸ್’ ಹಾಳೆ ತಂದು, ಅದರ ಎರಡು ಬದಿಗಳಲ್ಲಿ ಹೆಚ್ಚು ನುಣುಪಾದ ಬದಿಗೆ ಅಚ್ಚೊತ್ತುವುದು. ಬೆರಳಿನಿಂದ ಸವರಿದರೆ ಯಾವ ಬದಿ ನುಣುಪೆಂದು ತಿಳಿಯುತ್ತದೆ. ಸಣ್ಣ ಗೆರೆಗಳು ಹೆಚ್ಚಿರುವ ಅಚ್ಚಿಗೆ ಪೂರ್ತಿ ನುಣುಪಿನ ‘ಹಾಟ್ ಪ್ರೆಸ್’ ಕಾಗದವೇ ಲೇಸು.

ಅಳತೆಯನ್ನು ಲಕೋಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಎಲ್ಲೆಡೆ ಸಿಗುವ ಸಿ6 ಲಕೋಟೆಯ ಅಳತೆ 114 x 162 ಮಿಲಿಮೀಟರ್. ಅದರೊಳಗೆ ಎ6 ಅಂದರೆ 105 x 148 ಮಿಲಿಮೀಟರಿನ ಕಾರ್ಡ್ ಸಲೀಸಾಗಿ ಕೂರುತ್ತದೆ. ಎ5 ಅಳತೆಯ ದಪ್ಪ ಹಾಳೆಯನ್ನು ಅರ್ಧಕ್ಕೆ ಮಡಿಸಿದರೆ ಈ ಕಾರ್ಡ್ ಸಿದ್ಧ. ಚಿತ್ರವನ್ನು ನೇರವಾಗಿ ಕಾರ್ಡಿನ ಮೇಲೆಯೇ ಬರೆಯುವ ಬದಲು, 95 x 138 ಮಿಲಿಮೀಟರಿನ ಬೇರೆ ತುಂಡಿನ ಮೇಲೆ ಬರೆದು ಆಮೇಲೆ ಅಂಟಿಸುವುದು ಜಾಣತನ. ಸುತ್ತ ಐದು ಮಿಲಿಮೀಟರಿನ ಅಂಚು ಉಳಿದು ಚೌಕಟ್ಟು ತಾನಾಗಿಯೇ ಬರುತ್ತದೆ. ಚಿತ್ರ ಕೆಟ್ಟರೂ ಹೋಗುವುದು ಒಂದು ತುಂಡು ಮಾತ್ರ, ಕಾರ್ಡ್ ಉಳಿಯುತ್ತದೆ. ಮಡಿಸುವ ಮುನ್ನ ಮಡಿಕೆಯ ಗೆರೆಯ ಮೇಲೆ ಸ್ಕೇಲ್ ಇಟ್ಟು, ಚಮಚದ ಹಿಡಿಯಿಂದಲೋ ಬರೆಯದ ಬಾಲ್‌ಪೆನ್ನಿನಿಂದಲೋ ಗಟ್ಟಿಯಾಗಿ ಎಳೆದರೆ ಮಡಿಕೆ ಸೀಳದೆ ನೇರವಾಗಿ ಬರುತ್ತದೆ.

ಇನ್ನು ಶಾಯಿ. ಗೆರೆ ಕದಡುವುದಕ್ಕೆ ಕಾರಣ ಇಲ್ಲಿದೆ. ಆಫೀಸಿನ ನೀಲಿ ಸ್ಟಾಂಪ್ ಪ್ಯಾಡಿನಲ್ಲಿ ಸಾಮಾನ್ಯವಾಗಿರುವುದು ನೀರಿನಲ್ಲಿ ಕರಗುವ ಬಣ್ಣ. ಅದು ಒಣಗಿ ಎರಡು ದಿನವಾಗಿದ್ದರೂ ಒದ್ದೆ ಬ್ರಷ್ ತಾಗಿದರೆ ಹರಡುತ್ತದೆ. ಜಲವರ್ಣಕ್ಕೆ ಬೇಕಾದದ್ದು ಒಣಗಿದ ಮೇಲೆ ನೀರಿಗೆ ಜಗ್ಗದ ಶಾಯಿ. ಪ್ಯಾಡಿನ ಮೇಲೆ ‘ವಾಟರ್‌ಪ್ರೂಫ್’ ಅಥವಾ ‘ಆರ್ಕೈವಲ್’ ಎಂದು ಬರೆದಿರುತ್ತದೆ. ಜಪಾನಿನ ವರ್ಸಾಫೈನ್ ಪ್ಯಾಡುಗಳಲ್ಲಿರುವಂತೆ ಎಣ್ಣೆಯಲ್ಲಿ ವರ್ಣದ ಪುಡಿ ಬೆರೆಸಿದ ಶಾಯಿ ಸಣ್ಣ ಗೆರೆಗಳನ್ನೂ ಸ್ಪಷ್ಟವಾಗಿ ಮೂಡಿಸುತ್ತದೆ, ಆದರೆ ಒಣಗಲು ನಿಧಾನ. ಹೊಸ ಪ್ಯಾಡ್ ತಂದಾಗ ಚೂರು ಕಾಗದದ ಮೇಲೆ ಒಮ್ಮೆ ಒತ್ತಿ, ಹತ್ತು ನಿಮಿಷ ಬಿಟ್ಟು, ನೀರಿನ ಬ್ರಷ್ ಎಳೆದು ನೋಡಬೇಕು. ಈ ಪರೀಕ್ಷೆಗೆ ಬದಲಿಯಿಲ್ಲ. ಬಣ್ಣದ ಆಯ್ಕೆಯಲ್ಲೂ ಒಂದು ಮಾತಿದೆ. ಕಡುಗಪ್ಪು ಗೆರೆ ಹೂವನ್ನು ಬಣ್ಣ ತುಂಬುವ ಪುಸ್ತಕದ ಚಿತ್ರದಂತೆ ಕಾಣಿಸುತ್ತದೆ. ಕಂದು ಅಥವಾ ಬೂದು ಗೆರೆ ಬಣ್ಣದೊಳಗೆ ಬೆರೆತು ಹಿಂದೆ ಸರಿಯುತ್ತದೆ, ಹೂವಿಗೆ ಅದೇ ಹಿತ.

ಅಚ್ಚೊತ್ತುವಾಗ ಸ್ಟಾಂಪನ್ನು ಪ್ಯಾಡಿಗೆ ಉಜ್ಜದೆ, ಸ್ಟಾಂಪನ್ನು ಅಂಗಾತ ಹಿಡಿದು ಪ್ಯಾಡಿನಿಂದ ಅದರ ಮೇಲೆ ಹಗುರವಾಗಿ ತಟ್ಟಬೇಕು. ಆಗ ಶಾಯಿ ಉಬ್ಬುಗೆರೆಗಳಿಗಷ್ಟೇ ಹತ್ತುತ್ತದೆ. ಕಾಗದದ ಮೇಲೆ ನೇರವಾಗಿ ಇಳಿಸಿ, ಅಲುಗಾಡಿಸದೆ ಒತ್ತಿ, ನೇರವಾಗಿ ಎತ್ತಬೇಕು. ಕಾಗದದ ಕೆಳಗೆ ತೆಳ್ಳಗಿನ ಫೋಮ್ ಹಾಳೆ ಇದ್ದರೆ ಒತ್ತಡ ಎಲ್ಲ ಕಡೆ ಸಮನಾಗುತ್ತದೆ. ಪಾರದರ್ಶಕ ಸ್ಟಾಂಪುಗಳನ್ನು ಅಕ್ರಿಲಿಕ್ ಗಟ್ಟಿಗೆ ಅಂಟಿಸಿ ಬಳಸುವುದರಿಂದ ಎಲ್ಲಿ ಒತ್ತುತ್ತಿದ್ದೇವೆ ಎಂಬುದು ಮೇಲಿನಿಂದಲೇ ಕಾಣುತ್ತದೆ. ಹೊಸದಾಗಿ ತಂದ ಇಂಥ ಸ್ಟಾಂಪಿನ ಮೈಮೇಲೆ ಜಾರುವ ಪದರವಿದ್ದು ಶಾಯಿ ಹನಿಹನಿಯಾಗಿ ನಿಲ್ಲುತ್ತದೆ. ಪೆನ್ಸಿಲಿನ ರಬ್ಬರಿನಿಂದ ಒಮ್ಮೆ ಹಗುರವಾಗಿ ಉಜ್ಜಿದರೆ ಸರಿಹೋಗುತ್ತದೆ. ಅರಬ್ ನಾಡಿನ ಬೇಸಿಗೆಯಲ್ಲಿ ಈ ಸ್ಟಾಂಪುಗಳನ್ನು ಕಾರಿನಲ್ಲಿ ಬಿಟ್ಟು ಹೋಗಲೇಬಾರದು. ಬಿಸಿಲಿಗೆ ಅವು ಹಳದಿಯಾಗಿ, ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಒಂದೇ ಹೂವಿನ ಅಚ್ಚಿನಿಂದ ಗೊಂಚಲು ಮಾಡುವ ಉಪಾಯ ಗೊತ್ತಿದ್ದರೆ ಕಾರ್ಡಿನ ಕಳೆಯೇ ಬದಲಾಗುತ್ತದೆ. ಎಲ್ಲಕ್ಕಿಂತ ಮುಂದೆ ಕಾಣಬೇಕಾದ ಹೂವನ್ನು ಮೊದಲು ಒತ್ತಬೇಕು. ಅದೇ ಹೂವನ್ನು ಅಂಟು ಚೀಟಿಯ ಮೇಲೆ, ಅಂಟಿರುವ ಭಾಗಕ್ಕೆ ಬರುವಂತೆ, ಇನ್ನೊಮ್ಮೆ ಒತ್ತಿ ಗೆರೆಯ ಒಳಬದಿಗೆ ಸರಿಯಾಗಿ ಕತ್ತರಿಸಬೇಕು. ಈ ಕತ್ತರಿಸಿದ ಚೀಟಿಯನ್ನು ಮೊದಲ ಹೂವಿನ ಮೇಲೆ ಮುಚ್ಚಿ, ಎರಡನೆಯ ಹೂವನ್ನು ಅದಕ್ಕೆ ತುಸು ಹಾಯುವಂತೆ ಒತ್ತಿದರೆ, ಚೀಟಿ ತೆಗೆದಾಗ ಎರಡನೆಯದು ಮೊದಲನೆಯದರ ಹಿಂದೆ ಸರಿದು ನಿಂತಿರುತ್ತದೆ. ಹೀಗೆ ಮೂರು ಹೂ, ಕೊನೆಗೆ ಅವುಗಳ ಹಿಂದಿನಿಂದ ಇಣುಕುವ ಎಲೆ, ಮೊಗ್ಗು. ಎಲೆಯನ್ನು ಮೊದಲು ಒತ್ತಿ ಹೂವನ್ನು ಆಮೇಲೆ ಒತ್ತುವವರ ಕಾರ್ಡಿನಲ್ಲಿ ಗೆರೆಯ ಮೇಲೆ ಗೆರೆ ಹತ್ತಿ ಗೋಜಲಾಗುತ್ತದೆ. ಮುಂದಿನದು ಮೊದಲು, ಹಿಂದಿನದು ಆಮೇಲೆ ಎಂಬ ಕ್ರಮ ತಪ್ಪಬಾರದು.

ಶಾಯಿ ಒಣಗುವಷ್ಟರಲ್ಲಿ ಬಣ್ಣ ಸಿದ್ಧ ಮಾಡಿಕೊಳ್ಳಬಹುದು. ಜಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ ಪುಡಿ ಮತ್ತು ಅದನ್ನು ಕಾಗದಕ್ಕೆ ಹಿಡಿದಿಡುವ ಅಂಟು. ಆ ಅಂಟು ಜಾಲಿಯ ಬಳಗದ ಮರದಿಂದ ಒಸರುವ ಗೋಂದು. ಸುಡಾನ್ ಅದರ ದೊಡ್ಡ ತೌರು. ಅರಬ್ ವರ್ತಕರ ಕೈದಾಟಿ ಪಶ್ಚಿಮಕ್ಕೆ ಹೋಗಿದ್ದರಿಂದ ಅಲ್ಲಿ ಗಮ್ ಅರೇಬಿಕ್ ಎಂದೇ ಹೆಸರಾಯಿತು. ಒಣಗಿದ ಮೇಲೂ ನೀರಿಗೆ ಮತ್ತೆ ಕರಗುವ ಗುಣ ಈ ಗೋಂದಿನದು, ಜಲವರ್ಣದ ಅನುಕೂಲ ಮತ್ತು ಅಪಾಯ ಎರಡೂ ಇಲ್ಲಿಂದಲೇ ಬಂದವು. 1832ರಲ್ಲಿ ಆರಂಭವಾದ ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1835ರಲ್ಲಿ ಬಣ್ಣಕ್ಕೆ ಗ್ಲಿಸರಿನ್ ಸೇರಿಸಿ, ಒದ್ದೆ ಬ್ರಷ್ ತಾಗಿಸಿದ ಕೂಡಲೇ ಕರಗುವ ಬಿಲ್ಲೆಗಳನ್ನು ತಂದಿತು. ಹಗಲಿರುಳೂ ಎ.ಸಿ. ಓಡುವ ಮನೆಗಳಲ್ಲಿ ಬಿಲ್ಲೆಗಳು ಬಿರುಕು ಬಿಡುವುದುಂಟು. ಕೆಲಸಕ್ಕೆ ಕೂರುವ ಐದು ನಿಮಿಷ ಮೊದಲು ಒಂದೊಂದರ ಮೇಲೂ ಒಂದು ಹನಿ ನೀರು ಬಿಟ್ಟರೆ ಅವು ಮೃದುವಾಗುತ್ತವೆ.

ಬಣ್ಣಗಳ ಸಂಖ್ಯೆ ಹೆಚ್ಚಿದಷ್ಟೂ ಕಾರ್ಡ್ ಕೆಡುತ್ತದೆ. ಒಂದು ಹಳದಿ, ಒಂದು ಗುಲಾಬಿ, ಒಂದು ನೀಲಿ ಇದ್ದರೆ ಹೂವಿನ ಲೋಕ ಅದರಲ್ಲೇ ಇದೆ. ಹಳದಿಗೆ ನೀಲಿ ಬೆರೆಸಿದ ಹಸಿರು ಟ್ಯೂಬಿನ ಹಸಿರಿಗಿಂತ ಜೀವಂತವಾಗಿ ಕಾಣುತ್ತದೆ, ಅದಕ್ಕೆ ಚೂರು ಗುಲಾಬಿ ಸೇರಿದರೆ ಬಲಿತ ಎಲೆಯ ಹಸಿರಾಗುತ್ತದೆ. ಗ್ಯಾಂಬೋಜ್ ಎಂಬ ಹಳೆಯ ಹಳದಿ, ಕರಾವಳಿಯವರು ಸಾರು ಮಾಡುವ ಪುನರ್ಪುಳಿಯ ಬಳಗದ ಮರದ ಅಂಟಿನಿಂದ ಬರುತ್ತಿತ್ತು. ಬೆಳಕಿಗೆ ಅದು ಮಾಸುತ್ತದೆ, ಆ ಹೆಸರಿನಲ್ಲಿ ಈಗ ಸಿಗುವುದು ಹೆಚ್ಚಾಗಿ ಬೇರೆ ವರ್ಣದ್ರವ್ಯ. ಗುಲಾಬಿ ಕೊಳ್ಳುವಾಗ ಎಚ್ಚರ ಬೇಕು. ‘ಆಪೆರಾ ಪಿಂಕ್’ ಕಣ್ಣು ಕೋರೈಸುವಷ್ಟು ಹೊಳೆದರೂ ಕಿಟಕಿಯ ಬಿಸಿಲಿಗೆ ಬೇಗ ಬಿಳಚಿಕೊಳ್ಳುತ್ತದೆ. ಟ್ಯೂಬಿನ ಮೇಲೆ ಪಿವಿ 19 ಎಂದು ಬರೆದಿರುವ ಕ್ವಿನಾಕ್ರಿಡೋನ್ ಗುಲಾಬಿ ಬಾಳಿಕೆ ಬರುತ್ತದೆ.

ಬೋಗನ್‌ವಿಲ್ಲಾದ ಒಂದು ಗೊಂಚಲಿಗೆ ಬಣ್ಣ ಹಾಕುವುದನ್ನು ಹಂತ ಹಂತವಾಗಿ ನೋಡಿದರೆ ಉಳಿದ ಹೂಗಳ ದಾರಿಯೂ ತಿಳಿಯುತ್ತದೆ. ಕಣ್ಣಿಗೆ ಹೂವಿನ ಎಸಳಾಗಿ ಕಾಣುವ ಮೂರು ಬಣ್ಣದ ಹಾಳೆಗಳು ನಿಜದಲ್ಲಿ ಎಲೆಗಳೇ. ನಡುವೆ ನಿಂತ ಕಡ್ಡಿಯಂಥ ಸಣ್ಣ ಕೆನೆಬಿಳುಪಿನವು ಹೂಗಳು. ಆ ಬಿಳಿ ಹೂಗಳಿಗೆ ಬಣ್ಣ ತಾಗಿಸಬಾರದು, ಕಾಗದದ ಬಿಳುಪನ್ನೇ ಅಲ್ಲಿ ಉಳಿಸಬೇಕು. 4ನೇ ಅಥವಾ 6ನೇ ನಂಬರಿನ ದುಂಡು ಬ್ರಷ್ಷಿನಿಂದ ಒಂದು ಎಸಳಿನೊಳಗೆ ಬರೀ ನೀರು ಹಚ್ಚಬೇಕು. ನೀರು ಕೊಚ್ಚೆಯಾಗಿ ನಿಲ್ಲದೆ, ಓರೆಯಾಗಿ ನೋಡಿದರೆ ಮಿನುಗುವಷ್ಟಿದ್ದರೆ ಸಾಕು. ಬ್ರಷ್ಷಿನ ತುದಿಗೆ ಗಟ್ಟಿ ಗುಲಾಬಿ ತೆಗೆದುಕೊಂಡು ಎಸಳಿನ ಬುಡದಲ್ಲಿ ಮುಟ್ಟಿಸಿದರೆ ಬಣ್ಣ ತಾನಾಗಿ ತುದಿಯ ಕಡೆಗೆ ಹರಿದು ತಿಳಿಯಾಗುತ್ತದೆ. ಬುಡದಲ್ಲಿ ಗಾಢ, ಅಂಚಿನಲ್ಲಿ ತೆಳು. ಬೆಳಕು ನೆರಳು ಎರಡೂ ಒಂದೇ ಸ್ಪರ್ಶದಲ್ಲಿ ಬಂದವು. ಇಲ್ಲಿ ಕೈ ತಡೆಯಬೇಕು. ಅರ್ಧ ಒಣಗಿದ ಎಸಳಿಗೆ ಮತ್ತೆ ನೀರಿನ ಬ್ರಷ್ ಹಚ್ಚಿದರೆ ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿ, ಅಂಚು ಕಟ್ಟಿದ ಕಲೆ ಉಳಿಯುತ್ತದೆ. ಪಕ್ಕದ ಎಸಳಿಗೂ ಆಗಲೇ ಹೋಗಬಾರದು, ಎರಡೂ ಹಸಿಯಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ನುಗ್ಗುತ್ತದೆ. ಒಂದು ಹೂವಿನಲ್ಲಿ ಒಂದು ಎಸಳು, ದೂರದ ಇನ್ನೊಂದು ಹೂವಿನಲ್ಲಿ ಒಂದು ಎಸಳು, ಹೀಗೆ ಸುತ್ತುತ್ತ ಬಂದರೆ ಮೊದಲಿನದು ಅಷ್ಟರಲ್ಲಿ ಒಣಗಿರುತ್ತದೆ. ಹಸಿಯಿದ್ದಾಗಿನ ಬಣ್ಣ ಒಣಗಿದ ಮೇಲೆ ಒಂದು ಪಾಲು ತಿಳಿಯಾಗುವುದು ಜಲವರ್ಣದ ಸ್ವಭಾವ. ಹಾಗಾಗಿ ಮೊದಲ ಪದರ ಪೂರ್ತಿ ಒಣಗಿದ ನಂತರ ಬುಡದಲ್ಲಷ್ಟೇ ಎರಡನೆಯ ಪದರ ಕೊಡಬೇಕು. ಮಂಕಾಯಿತೆಂದು ಹಸಿಯ ಮೇಲೆಯೇ ತಿದ್ದುತ್ತ ಕೂತರೆ ಇನ್ನಷ್ಟು ಮಂಕಾಗುತ್ತದೆ.

ಎ.ಸಿ. ಕೋಣೆಯಲ್ಲಿ ಈ ಕೆಲಸದ ವೇಗವೇ ಬೇರೆ. ಗಾಳಿ ಒಣಗಿರುವುದರಿಂದ ಎಸಳಿನ ನೀರು ಬೇಗ ಆರಿ, ಬಣ್ಣ ಹರಿಯುವ ಮೊದಲೇ ಅಂಚು ಗಟ್ಟಿಯಾಗುತ್ತದೆ. ಮೇಜನ್ನು ಗಾಳಿ ನೇರವಾಗಿ ಬೀಸದ ಕಡೆ ಸರಿಸುವುದು ಅದಕ್ಕಿರುವ ಪರಿಹಾರ. ಮಂಗಳೂರಿನ ಆಷಾಢದಲ್ಲಿ ತದ್ವಿರುದ್ಧ, ಒಂದು ಪದರ ಒಣಗಲು ಊಟ ಮುಗಿಸಿ ಬರುವಷ್ಟು ಹೊತ್ತು ಬೇಕು.

ಬಿಳಿ ಹೂ ನಿಜವಾದ ಪರೀಕ್ಷೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ವಿಮಾನವೇರಿ ಕೊಲ್ಲಿ ನಾಡುಗಳಿಗೂ ಹೋಗುತ್ತದೆ. ಮಲ್ಲಿಗೆಯ ಕಾರ್ಡ್ ಮಾಡಲು ಹೊರಟವರು ಬಿಳಿ ಬಣ್ಣದ ಟ್ಯೂಬ್ ಹುಡುಕುವುದು ವ್ಯರ್ಥ. ಕಾಗದವೇ ಬಿಳಿ. ಬಣ್ಣ ಹಾಕಬೇಕಾದದ್ದು ಹೂವಿನ ಸುತ್ತ. ಎಲೆಯ ಕಡುಹಸಿರನ್ನು ಎಸಳಿನ ಅಂಚಿನವರೆಗೆ ತಂದು ನಿಲ್ಲಿಸಿದರೆ ಹೂ ತಾನಾಗಿ ಎದ್ದು ಬರುತ್ತದೆ. ಎಸಳುಗಳ ಬುಡಕ್ಕೆ ನೀಲಿಗೆ ಎಳೆಗುಲಾಬಿ ಬೆರೆಸಿದ, ನೀರಿನಷ್ಟೇ ತೆಳುವಾದ ನಸುನೇರಳೆ ನೆರಳು, ತೊಟ್ಟಿಗೆ ತುಸು ಹಸಿರು, ಅಷ್ಟು ಸಾಕು. ಉಗಾದಿಯ ಕಾರ್ಡಿಗೆ ಬೇವಿನ ಹೂವೂ ಹೀಗೆಯೇ. ಐದು ಸಣ್ಣ ಬಿಳಿ ಎಸಳು, ನಡುವೆ ಕೇಸರಗಳು ಕೂಡಿ ಆದ ಪುಟ್ಟ ಕೊಳವೆ, ಅದರ ಬಾಯಿಗೆ ಹಳದಿಯ ಚುಕ್ಕೆ. ಎಲೆಯ ಗರಗಸದ ಅಂಚನ್ನು ಬಿಡಬಾರದು, ಬೇವಿನ ಗುರುತು ಅಲ್ಲಿದೆ. ಅಬ್ಬಲಿಗೆಗೆ ಮಾತ್ರ ನಿಸ್ಸಂಕೋಚವಾಗಿ ಕೇಸರಿ ಸುರಿಯಬಹುದು.

ಹೂವನ್ನು ನೋಡಿ ಬರೆಯುವ ಶಿಸ್ತಿಗೆ ಕನ್ನಡನಾಡಿನಲ್ಲೇ ಹಿರಿಯ ಮಾದರಿಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಜಾನ್ ಕ್ಯಾಮರೂನ್ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಕಾಲದಲ್ಲಿ, ಚೆಲುವಯ್ಯ ರಾಜು ಎಂಬ ಕಲಾವಿದ ಅಲ್ಲಿನ ಗಿಡಗಳನ್ನು ಜಲವರ್ಣದಲ್ಲಿ ಬರೆದಿಟ್ಟರು. ಅಂಥ ಸಸ್ಯಚಿತ್ರದಲ್ಲಿ ಒಂದು ಎಲೆಯ ನರವೂ ಊಹೆಯದಲ್ಲ. ಸ್ಟಾಂಪ್ ಒತ್ತಿ ಬಣ್ಣ ಹಾಕುವವರಿಗೆ ಅಷ್ಟು ನಿಖರತೆ ಬೇಕಿಲ್ಲ. ಆದರೆ ಬ್ರಷ್ ಹಿಡಿಯುವ ಮೊದಲು ಒಂದು ನಿಜವಾದ ಹೂವನ್ನೋ ಗರಿಯನ್ನೋ ಮೇಜಿನ ಮೇಲೆ ಇಟ್ಟುಕೊಂಡವರ ಕಾರ್ಡಿಗೂ ಪೊಟ್ಟಣದ ಮೇಲಿನ ಚಿತ್ರ ನೋಡಿ ಬಣ್ಣ ಹಾಕಿದವರ ಕಾರ್ಡಿಗೂ ಇರುವ ಅಂತರ ಯಾರ ಕಣ್ಣಿಗೂ ಬೀಳುತ್ತದೆ.

ಚಿತ್ರ ಪೂರ್ತಿ ಒಣಗಿದ ಮೇಲೆ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಬಿಟ್ಟರೆ ಸೊಟ್ಟ ಹೋಗುತ್ತದೆ. ಕಾರ್ಡಿಗೆ ಅಂಟಿಸಲು ನೀರಿನಂಶದ ಗೋಂದಿಗಿಂತ ಎರಡು ಬದಿಯ ಟೇಪ್ ಮೇಲು. ಮಣಿ, ಮಿನುಗು, ದಪ್ಪ ರಿಬ್ಬನ್ ಅಂಟಿಸುವ ಆಸೆಯನ್ನು ಅಂಚೆಯಲ್ಲಿ ಹೋಗುವ ಕಾರ್ಡಿನ ಮಟ್ಟಿಗೆ ಬಿಡಬೇಕು. ಯಂತ್ರದಲ್ಲಿ ಹಾಯುವಾಗ ಅವು ಲಕೋಟೆಯನ್ನೇ ಹರಿಯುತ್ತವೆ. ಜಲವರ್ಣದ ಹೂವಿಗೆ ಅವುಗಳ ಅಗತ್ಯವೂ ಇಲ್ಲ.

ಒಳಗಿನ ಬರಹ ಕನ್ನಡದಲ್ಲಿ, ಕೈಬರಹದಲ್ಲಿಯೇ ಇರಬೇಕು. ದುಬೈನಲ್ಲಿ ಹುಟ್ಟಿ ಬೆಳೆದ ಮಕ್ಕಳು ವಾರಾಂತ್ಯದಲ್ಲಿ ಕನ್ನಡ ಪಾಠಶಾಲೆಗೆ ಹೋಗಿ ಅಕ್ಷರ ಕಲಿಯುತ್ತಾರೆ. ಆ ಅಕ್ಷರಗಳಿಗೆ ಪರೀಕ್ಷೆಯ ಹೊರಗೆ ಒಂದು ಬಳಕೆ ಬೇಕಿದ್ದರೆ ಅಜ್ಜ ಅಜ್ಜಿಗೆ ಬರೆಯುವ ನಾಲ್ಕು ಸಾಲಿಗಿಂತ ಒಳ್ಳೆಯದು ಸಿಗುವುದಿಲ್ಲ. ಒತ್ತಕ್ಷರ ತಪ್ಪಿದ್ದರೂ ತಿದ್ದದೆ ಕಳಿಸುವುದೇ ಸರಿ. ಪೆನ್ನು ನೀರಿಗೆ ಕರಗದ್ದಾಗಿರಲಿ, ಹಿಂಬದಿಯಲ್ಲಿ ಬರೆದವರ ಹೆಸರು ಮತ್ತು ಇಸವಿ ಇರಲಿ.

ಕಳಿಸುವ ದಾರಿ ಎರಡಿವೆ. ಅರಬ್ ಸಂಸ್ಥಾನದಲ್ಲಿ ಸಾಮಾನ್ಯ ಪತ್ರಗಳು ಬಹುಕಾಲದಿಂದ ಬರುವುದು ಮನೆ ಬಾಗಿಲಿಗಲ್ಲ, ಪಿ.ಒ. ಬಾಕ್ಸಿಗೆ. ಆದ್ದರಿಂದ ಕಳಿಸುವವರ ವಿಳಾಸದಲ್ಲಿ ಬಾಕ್ಸ್ ನಂಬರ್ ಕಾಣಿಸಬೇಕು, ಭಾರತದ ವಿಳಾಸದಲ್ಲಿ 6 ಅಂಕಿಯ ಪಿನ್ ಕೋಡ್ ಬಿಡಬಾರದು. ಇನ್ನೊಂದು, ಕೊಲ್ಲಿಯ ಕನ್ನಡಿಗರಿಗೆ ತಲೆಮಾರುಗಳಿಂದ ರೂಢಿಯಾದ ದಾರಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವುದು. ಯಾವ ದಾರಿಯಾದರೂ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹಿಂದೆ ಒಂದು ರಟ್ಟಿನ ತುಂಡು ಇಟ್ಟು ಲಕೋಟೆ ಮುಚ್ಚಬೇಕು. ಗೋಂದಿನ ಬಣ್ಣ ಮಳೆಯ ಒಂದು ಹನಿಗೂ ಕರಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿಗೆ ಹೋಗುವ ಕಾರ್ಡುಗಳಿಗೆ ಆ ಪ್ಲಾಸ್ಟಿಕ್ ಕವರು ಕಡ್ಡಾಯ. ಸಾದಾ ಅಂಚೆಯಲ್ಲಿ ಹಾಕುವವರು ಹಬ್ಬಕ್ಕೆ ಒಂದು ತಿಂಗಳು ಮುಂಚಿತವಾಗಿಯೇ ಲಕೋಟೆ ಅಂಟಿಸಿ ಕಳಿಸಬೇಕು.